ಹೊಸ ರೂಟರೋ, ಮೆಶ್ಶೋ, ತಂತಿಯೋ? ಬೆಂಗಳೂರಿನ ಮನೆಗೆ ಇಂಟರ್ನೆಟ್ ಸಾಮಾನು ಆರಿಸುವ ಬಗೆ

ವಿಜಯನಗರದಲ್ಲಿರುವ ನನ್ನ ಸೋದರತ್ತೆಯ ಮನೆಯಲ್ಲಿ ಎರಡು ವರ್ಷಕ್ಕೆ ಮೂರು ರೂಟರ್ ಬದಲಾದವು. 30×40 ಸೈಟು. ಕೆಳಗೆ ಹಾಲ್, ಅಡುಗೆಮನೆ, ಮೇಲೆ ಎರಡು ರೂಮು. ಮೂರು ರೂಟರೂ ಒಂದೇ ಜಾಗದಲ್ಲಿ ಕೂತವು, ಕೆಳಗಿನ ಹಾಲಿನ ಟಿವಿ ಹಿಂದೆ. ಪ್ರತಿ ಸಲವೂ ಹಿಂದಿನದಕ್ಕಿಂತ ಬೆಲೆ ಜಾಸ್ತಿ, ಆಂಟೆನಾ ಜಾಸ್ತಿ. ಆದರೆ ಮೇಲಿನ ರೂಮಿನಲ್ಲಿ ಅತ್ತೆಯ ಮಗಳು ಆನ್‌ಲೈನ್ ಕ್ಲಾಸಿಗೆ ಕೂತರೆ ಚಿತ್ರ ಮೊದಲಿನ ಹಾಗೆಯೇ ನಿಂತು ನಿಂತು ಬರುತ್ತಿತ್ತು. ಕೊನೆಗೆ ಮೆಟ್ಟಿಲ ಪಕ್ಕದ ಗೋಡೆಗುಂಟ 20 ಮೀಟರ್ ತಂತಿ ಎಳೆದೆವು. ಅಟ್ಟದ ಮೇಲೆ ಸುಮ್ನೆ ಬಿದ್ದಿದ್ದ ಹಳೆಯ ರೂಟರನ್ನು ತೆಗೆದು ಆ ತಂತಿಯ ತುದಿಗೆ ಹಾಕಿದೆವು. ಖರ್ಚು ಸಾವಿರ ರೂಪಾಯಿ ದಾಟಲಿಲ್ಲ. ಅವಳು ಆ ವರ್ಷದ ಪರೀಕ್ಷೆಗೆ ಮೇಲಿನ ರೂಮಿನಲ್ಲೇ ಕೂತು ಓದಿದಳು.

ಆಮೇಲೆ ನೆಂಟರು, ಗೆಳೆಯರು ಒಬ್ಬೊಬ್ಬರಾಗಿ ಕೇಳತೊಡಗಿದರು. ಯಲಹಂಕದ ಅಪಾರ್ಟ್‌ಮೆಂಟಿನಲ್ಲಿರುವ ಗೆಳೆಯನಿಗೆ ಮೆಶ್ (ಮನೆಗೆಲ್ಲ ಒಂದೇ ವೈ-ಫೈ ಹಂಚುವ ಎರಡು ಮೂರು ಡಬ್ಬಿಗಳ ಸೆಟ್ಟು) ಕೊಳ್ಳಬೇಕೋ ಬೇಡವೋ ಅನ್ನುವ ಗೊಂದಲ. ಕೆಂಗೇರಿಯ ಹತ್ತಿರ ಮನೆ ಕಟ್ಟಿಸುತ್ತಿರುವ ಭಾವನಿಗೆ ಗೋಡೆಯೊಳಗೆ ಯಾವ ತಂತಿ ಹಾಕಿಸಬೇಕು ಅನ್ನುವ ಚಿಂತೆ. ಅತ್ತೆಯೂ ಸೇರಿ ಮೂವರಿಗೂ ನಾನು ಬೇರೆ ಬೇರೆ ಸಲಹೆ ಕೊಟ್ಟೆ. "ಯಾವ ರೂಟರ್ ಒಳ್ಳೇದು" ಅಂತ ಕೇಳುವ ಮುಂಚೆ "ನಮ್ಮ ಮನೆ ಎಂಥದು" ಅಂತ ನೋಡಬೇಕು. ಅದಕ್ಕೇ ಇಲ್ಲಿ ಅಳತೆಗೋಲು ಮೊದಲು, ಸಾಮಾನು ಆಮೇಲೆ.

ಮೊದಲು ಮೂರು ಅಂಕಿ

ಅಂಗಡಿಗೆ ಹೋಗುವ ಮುಂಚೆ ಮನೆಯಲ್ಲೇ ಹತ್ತು ನಿಮಿಷದ ಕೆಲಸ ಇದೆ. ಲ್ಯಾಪ್‌ಟಾಪನ್ನು ತಂತಿಯಿಂದ ನೇರವಾಗಿ ರೂಟರಿಗೆ ಜೋಡಿಸಿ, ಸ್ಪೀಡ್ ಟೆಸ್ಟ್ ವೆಬ್‌ಸೈಟಿನಲ್ಲಿ ವೇಗ ಅಳೆಯಿರಿ. ಆಮೇಲೆ ತಂತಿ ತೆಗೆದು, ರೂಟರಿನ ಪಕ್ಕದಲ್ಲೇ ನಿಂತು ವೈ-ಫೈಯಲ್ಲಿ ಅಳೆಯಿರಿ. ಮೂರನೆಯದು, ಮನೆಯಲ್ಲಿ ಎಲ್ಲಿ ಜಾಸ್ತಿ ತೊಂದರೆಯೋ ಅಲ್ಲಿ. ಮೂರೂ ಬರೆದಿಟ್ಟುಕೊಳ್ಳಿ.

ತಂತಿಯಲ್ಲೇ ವೇಗ ಕಡಿಮೆ ಇದ್ದರೆ ತೊಂದರೆ ಹೊರಗಿನ ಲೈನಿನದು. ಎಷ್ಟು ದುಡ್ಡಿನ ರೂಟರ್ ತಂದರೂ ಅದು ಸರಿಹೋಗುವುದಿಲ್ಲ, ಇಂಟರ್ನೆಟ್ ಕೊಡುವವರಿಗೇ ಹೇಳಬೇಕು. ಪಕ್ಕದಲ್ಲಿ ನಿಂತಾಗಲೂ ವೈ-ಫೈ ನಿಧಾನ ಇದ್ದರೆ ರೂಟರ್ ಹಳೆಯದು, ಇಲ್ಲವೇ ನಿಮ್ಮ ಲ್ಯಾಪ್‌ಟಾಪ್ ಹಳೆಯದು. ಮೊದಲೆರಡೂ ಚೆನ್ನಾಗಿದ್ದು ಮೂರನೆಯದು ಮಾತ್ರ ಬಿದ್ದರೆ ಅದು ಗೋಡೆಯ ಕೆಲಸ. ನಾನು ನೋಡಿದ ಮನೆಗಳಲ್ಲಿ ಜಾಸ್ತಿ ಇದೇ.

ಇನ್ನೊಂದು ಗುರುತು ನೆನಪಿಡಿ. ನಿಮ್ಮದು 200 ಎಂಬಿಪಿಎಸ್ ಪ್ಲಾನ್, ಆದರೆ ತಂತಿಯಲ್ಲಿ 94ರ ಆಸುಪಾಸು ಬಂದು ನಿಲ್ಲುತ್ತದೆ ಅಂದುಕೊಳ್ಳಿ. ಆಗ ನಡುವೆ ಎಲ್ಲೋ 100 ಎಂಬಿಪಿಎಸ್‌ನ ಪೋರ್ಟ್ (ತಂತಿ ಚುಚ್ಚುವ ಕಿಂಡಿ) ಇದೆ, ಇಲ್ಲವೇ ತಂತಿ ಒಳಗೆ ತುಂಡಾಗಿದೆ. ಇಂಟರ್ನೆಟ್ ತಂತಿಯೊಳಗೆ ಎಂಟು ಎಳೆ, ನಾಲ್ಕು ಜೋಡಿ. 100 ಎಂಬಿಪಿಎಸ್‌ಗೆ ಎರಡು ಜೋಡಿ ಸಾಕು. ಗಿಗಾಬಿಟ್‌ಗೆ, ಅಂದರೆ 1000 ಎಂಬಿಪಿಎಸ್‌ಗೆ, ನಾಲ್ಕೂ ಬೇಕು. 100ಕ್ಕೆ ಬೇಡದ ಜೋಡಿಯ ಒಂದು ಎಳೆ ಕಡಿದರೆ ಲೈನ್ ಪೂರ್ತಿ ನಿಲ್ಲುವುದಿಲ್ಲ, ಸದ್ದಿಲ್ಲದೆ 100ಕ್ಕೆ ಇಳಿಯುತ್ತದೆ. ಎಷ್ಟೋ ಮನೆಗಳಲ್ಲಿ ದೊಡ್ಡ ಪ್ಲಾನಿಗೆ ದುಡ್ಡು ಕಟ್ಟಿ ವರ್ಷಗಟ್ಟಲೆ ಹೀಗೇ ಬಳಸುತ್ತಾರೆ.

ಯಾವುದನ್ನು ನೋಡಿ ಆರಿಸಬೇಕು

ನನ್ನ ಮಟ್ಟಿಗೆ ಮೊದಲನೆಯದು ಗೋಡೆ ಮತ್ತು ಮೋಲ್ಡ್. ಬೆಂಗಳೂರಿನ ಮನೆಗಳಲ್ಲಿ ಮಹಡಿಗಳ ನಡುವೆ ಕಬ್ಬಿಣ ಕಟ್ಟಿದ ಕಾಂಕ್ರೀಟ್ ಇರುತ್ತದೆ. ಗೋಡೆ ಇಟ್ಟಿಗೆಯದೋ, ಸಾಲಿಡ್ ಬ್ಲಾಕಿನದೋ ಆಗಿರುತ್ತದೆ. ಮನೆಗಳ ವೈ-ಫೈ ಬಹುಪಾಲು ಎರಡು ಪಟ್ಟಿಗಳಲ್ಲಿ (ಬ್ಯಾಂಡ್) ಬರುತ್ತದೆ. 2.4 ಗಿಗಾಹರ್ಟ್ಸ್‌ನ ಅಲೆ ಗೋಡೆ ದಾಟಿ ದೂರ ಹೋಗುತ್ತದೆ, ಆದರೆ ವೇಗ ಕಡಿಮೆ. 5 ಗಿಗಾಹರ್ಟ್ಸ್‌ನದು ವೇಗ ಜಾಸ್ತಿ, ಆದರೆ ಎರಡು ಗೋಡೆ ದಾಟುವಷ್ಟರಲ್ಲಿ ಸೊರಗುತ್ತದೆ. ಮೋಲ್ಡ್ ಅಡ್ಡ ಬಂದರಂತೂ ಕೇಳಬೇಡಿ. ಗೋದ್ರೇಜ್ ಬೀರು, ದೊಡ್ಡ ಕನ್ನಡಿ, ನೀರು ತುಂಬಿದ ಟ್ಯಾಂಕ್ ಇವೂ ಅಡ್ಡಗೋಡೆಗಳೇ.

ಹಾಗಾದರೆ ದೂರ ಹೋಗುವ 2.4 ಸಾಕಲ್ವಾ ಅನ್ನಿಸಬಹುದು. ಅಕ್ಕಪಕ್ಕದ ಮನೆಗಳು ಒಂದಕ್ಕೊಂದು ಅಂಟಿಕೊಂಡಿರುವ ನಮ್ಮ ಬೀದಿಗಳಲ್ಲಿ ಸಾಲದು. ಆ ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು (ಅಲೆ ಓಡಾಡುವ ದಾರಿಗಳು) ಮೂರೇ: 1, 6, 11. ರಾಜಾಜಿನಗರದಲ್ಲೋ ಬಿಟಿಎಂ ಲೇಔಟಿನಲ್ಲೋ ಫೋನ್ ತೆಗೆದು ನೋಡಿದರೆ ಇಪ್ಪತ್ತು ಮೂವತ್ತು ಮನೆಗಳ ವೈ-ಫೈ ಹೆಸರು ಕಾಣುತ್ತವೆ. ಅಷ್ಟೂ ಮನೆಯವರು ಆ ಮೂರನ್ನೇ ಹಂಚಿಕೊಳ್ಳಬೇಕು. ಪಕ್ಕದ ಅಡುಗೆಮನೆಯ ಮೈಕ್ರೋವೇವ್ ಒಲೆಯೂ ಅದೇ ಪಟ್ಟಿಯಲ್ಲಿ ಸದ್ದು ಮಾಡುತ್ತದೆ. 5 ಗಿಗಾಹರ್ಟ್ಸ್‌ನಲ್ಲಿ ಜಾಗ ಬೇಕಾದಷ್ಟಿದೆ. 2018ರಲ್ಲಿ ಸರ್ಕಾರ ಅದರ ಇನ್ನಷ್ಟು ಭಾಗವನ್ನು ಪರವಾನಗಿ ಇಲ್ಲದೆ ಬಳಸಲು ಬಿಟ್ಟಿತು. ಆದ್ದರಿಂದ ನಾವು ಸಾಮಾನು ಆರಿಸುವುದು 5 ಗಿಗಾಹರ್ಟ್ಸ್ ಅಲೆಯನ್ನು ಕೂತ ಜಾಗದ ಹತ್ತಿರಕ್ಕೆ ತರುವುದಕ್ಕಾಗಿ.

ಎರಡನೆಯದು, ಮನೆಯಲ್ಲಿ ಯಾವುದು ಓಡಾಡುತ್ತದೆ, ಯಾವುದು ಕೂತಲ್ಲೇ ಇರುತ್ತದೆ. ಫೋನ್, ಟ್ಯಾಬ್ ಓಡಾಡುತ್ತವೆ. ಟಿವಿ, ಆಫೀಸ್ ಕೆಲಸದ ಮೇಜು, ಸಿಸಿ ಕ್ಯಾಮೆರಾ, ಪ್ರಿಂಟರ್ ಓಡಾಡುವುದಿಲ್ಲ. ಕೂತಲ್ಲೇ ಇರುವ ಒಂದೊಂದನ್ನೂ ತಂತಿಗೆ ಹಾಕಿದಷ್ಟು ಗಾಳಿಯಲ್ಲಿ ಜಾಗ ಖಾಲಿಯಾಗುತ್ತದೆ, ಉಳಿದವಕ್ಕೆ ವೈ-ಫೈ ಚೆನ್ನಾಗಿ ಸಿಗುತ್ತದೆ. ಈ ಒಂದು ಮಾತಿಗೆ ನಾನು ಉಳಿದೆಲ್ಲಕ್ಕಿಂತ ಜಾಸ್ತಿ ಬೆಲೆ ಕೊಡುತ್ತೇನೆ.

ಮೂರನೆಯದು ನಿಜವಾಗಿ ಎಷ್ಟು ವೇಗ ಬೇಕು ಅನ್ನುವುದು. ಒಂದು ಒಳ್ಳೆಯ ವಿಡಿಯೊ ಕರೆಗೆ 4 ಎಂಬಿಪಿಎಸ್ ಸಾಕು. 4ಕೆ ಸಿನಿಮಾಕ್ಕೆ 15ರಿಂದ 25. ಇಬ್ಬರು ಮನೆಯಿಂದ ಕೆಲಸ ಮಾಡುತ್ತಾ, ಅಜ್ಜಿ ಟಿವಿ ನೋಡುತ್ತಾ, ಮಕ್ಕಳು ಟ್ಯಾಬ್ ಹಿಡಿದಿದ್ದರೂ 100 ಎಂಬಿಪಿಎಸ್ ಪ್ಲಾನ್ ಸುಲಭವಾಗಿ ತೂಗುತ್ತದೆ. ತೊಂದರೆ ಬರುವುದು ವೇಗ ಸಾಲದೆ ಅಲ್ಲ, ಆ ವೇಗ ರೂಮಿನ ತನಕ ತಲುಪದೆ.

ಇನ್ನು ಮನೆ ಸ್ವಂತದ್ದೋ ಬಾಡಿಗೆಯದೋ, ಗೋಡೆಗೆ ರಂಧ್ರ ಕೊರೆಯಲು ಓನರ್ ಒಪ್ಪುತ್ತಾರೋ ಇಲ್ಲವೋ, ಕರೆಂಟ್ ಎಷ್ಟು ಸಲ ಹೋಗುತ್ತದೆ, ಕೈಯಲ್ಲಿ ಎಷ್ಟು ದುಡ್ಡಿದೆ. ಇವು ನಿಮಗೇ ಗೊತ್ತಿರುವ ಸಂಗತಿಗಳು. ಮುಂದೆ ಹೇಳುವ ಬೆಲೆಗಳೆಲ್ಲ ಅಂದಾಜು. ಕೊಳ್ಳುವ ದಿನ ಒಮ್ಮೆ ನೋಡಿಕೊಳ್ಳಿ.

ಕಂಪನಿಯವರು ಕೊಟ್ಟ ಡಬ್ಬಿ

ಏರ್‌ಟೆಲ್, ಜಿಯೋ, ಬಿಎಸ್‌ಎನ್‌ಎಲ್ ಹೀಗೆ ಯಾರ ಫೈಬರ್ ತೆಗೆದುಕೊಂಡರೂ ಗಾಜಿನ ಎಳೆ ಬಂದು ಒಂದು ಡಬ್ಬಿಯಲ್ಲಿ ಮುಗಿಯುತ್ತದೆ. ಅದಕ್ಕೆ ಓಎನ್‌ಟಿ ಅನ್ನುತ್ತಾರೆ. ಬಹುಪಾಲು ಅದರೊಳಗೇ ವೈ-ಫೈಯೂ ಇರುತ್ತದೆ. ಒಂದು ರೂಮು, ಒಂದು ಹಾಲಿನ ಮನೆಗೆ ಇದೇ ಸಾಕು. ಖರ್ಚಿಲ್ಲ, ಕೆಟ್ಟರೆ ಅವರೇ ಬದಲಾಯಿಸುತ್ತಾರೆ.

ಇದರ ದೊಡ್ಡ ದೋಷ ಡಬ್ಬಿಯಲ್ಲಿಲ್ಲ, ಅದನ್ನು ಇಡುವ ಜಾಗದಲ್ಲಿದೆ. ಲೈನ್ ಹಾಕಲು ಬಂದ ಹುಡುಗರಿಗೆ ದಿನಕ್ಕೆ ಎಷ್ಟೋ ಮನೆ. ಕಿಟಕಿಯ ಸಂದಿಯಿಂದ ಒಳಗೆ ಬಂದ ಕಡೆಯೇ ಡಬ್ಬಿ ಕೂರಿಸಿ ಹೋಗುತ್ತಾರೆ. ಮನೆಯ ಒಂದು ಮೂಲೆ ಅದು. ಅರ್ಧ ವೈ-ಫೈ ಬೀದಿಗೆ ಹೋಗುತ್ತದೆ. ಹೊಸ ಅಪಾರ್ಟ್‌ಮೆಂಟುಗಳಲ್ಲಿ ಬಾಗಿಲ ಹಿಂದಿನ ಕಬ್ಬಿಣದ ಪೆಟ್ಟಿಗೆಯೊಳಗೆ ಇಟ್ಟು ಮುಚ್ಚಿಬಿಡುತ್ತಾರೆ, ಅದು ಇನ್ನೂ ಕೆಟ್ಟದ್ದು. ಲೈನ್ ಹಾಕಿಸುವ ದಿನ ನೀವು ಮನೆಯಲ್ಲಿರಿ. ಮನೆಯ ನಡುವಿನ ಒಂದು ಜಾಗ ಮೊದಲೇ ಗುರುತಿಸಿ, ಅಲ್ಲಿಯ ತನಕ ಫೈಬರ್ ಎಳೆಯಲು ವಿನಯದಿಂದ ಕೇಳಿ. ಎದೆಮಟ್ಟಕ್ಕಿಂತ ಎತ್ತರದಲ್ಲಿ, ಬಯಲಾಗಿ ಇಡಿಸಿ. ಫೈಬರ್ ಎಳೆಯನ್ನು ಮೂಲೆಯಲ್ಲಿ ಚೂಪಾಗಿ ಮಡಚಬಾರದು, ಬೆಳಕು ಸೋರಿ ಲೈನ್ ಸೊರಗುತ್ತದೆ. ಯಲಹಂಕದ ಗೆಳೆಯನಿಗೆ ನಾನು ಹೇಳಿದ್ದು ಇಷ್ಟೇ. ಪೆಟ್ಟಿಗೆಯಿಂದ ತೆಗೆಸಿ ಹಾಲಿನ ನಡುಗೋಡೆಗೆ ಹಾಕಿಸಿದ. ಮೆಶ್ ಕೊಳ್ಳುವ ದುಡ್ಡು ಉಳಿಯಿತು.

ಹೊಸ ರೂಟರ್ ಕೊಳ್ಳುವುದಾದರೆ

ಎರಡನೇ ಅಂಕಿ ಬಿದ್ದಿದ್ದರೆ, ಅಂದರೆ ಪಕ್ಕದಲ್ಲಿ ನಿಂತರೂ ನಿಧಾನವಿದ್ದರೆ, ಹೊಸ ರೂಟರಿನಿಂದ ಲಾಭವಿದೆ. ಡಬ್ಬದ ಮೇಲೆ ಬರೆದ ದೊಡ್ಡ ಅಂಕಿ ನೋಡಿ ಮೋಸ ಹೋಗಬೇಡಿ. ಎಸಿ1200 ಅಂದರೆ 2.4ರಲ್ಲಿ 300, 5ರಲ್ಲಿ 867, ಎರಡನ್ನೂ ಕೂಡಿಸಿ ಮೇಲಕ್ಕೆ ದುಂಡಾಗಿಸಿದ ಲೆಕ್ಕ. ಎಎಕ್ಸ್1800 ಅಂದರೆ 574 ಮತ್ತು 1201. ಒಂದು ಫೋನ್ ಒಂದು ಸಲಕ್ಕೆ ಒಂದೇ ಪಟ್ಟಿಯಲ್ಲಿರುತ್ತದೆ. ಅದರಲ್ಲೂ ಬರೆದ ವೇಗದ ಅರ್ಧಕ್ಕಿಂತ ತುಸು ಜಾಸ್ತಿ ಸಿಕ್ಕರೆ ಒಳ್ಳೆಯದೇ ಆಯಿತು. ಆಂಟೆನಾ ಎಷ್ಟಿವೆ ಅನ್ನುವುದರಿಂದಲೂ ಏನೂ ತಿಳಿಯುವುದಿಲ್ಲ.

ನೋಡಬೇಕಾದ್ದು ಹಿಂದಿನ ಪೋರ್ಟುಗಳನ್ನು. ಸಾವಿರ, ಸಾವಿರದೈನೂರಕ್ಕೆ ಸಿಗುವ ಎಷ್ಟೋ ರೂಟರುಗಳಲ್ಲಿ ಪೋರ್ಟುಗಳು 100 ಎಂಬಿಪಿಎಸ್‌ನವು. ಮುಂದೆ "1200" ಅಂತ ಬರೆದಿದ್ದರೂ ಹಿಂದಿನಿಂದ ಒಳಗೆ ಬರುವುದು 100 ಮಾತ್ರ. ಗಿಗಾಬಿಟ್ ಪೋರ್ಟ್ ಅಂತ ಸ್ಪಷ್ಟವಾಗಿ ಇದ್ದರೆ ಮಾತ್ರ ತೆಗೆದುಕೊಳ್ಳಿ.

ವೈ-ಫೈಯ ತಲೆಮಾರುಗಳಿಗೆ 5, 6, 7 ಅಂತ ಅಂಕಿ ಇವೆ. 5 ಸಾಕೋ, 6 ಬೇಕೋ, 7ಕ್ಕೆ ಹೋಗಬೇಕೋ? 2019ರಿಂದ ಬಂದ ವೈ-ಫೈ 6ರ ನಿಜವಾದ ಲಾಭ ಒಬ್ಬರಿಗೆ ಸಿಗುವ ವೇಗದಲ್ಲಿಲ್ಲ. ಹತ್ತಿಪ್ಪತ್ತು ಸಾಧನಗಳು ಒಟ್ಟಿಗೆ ಕೇಳಿದಾಗ ಎಲ್ಲಕ್ಕೂ ಸರದಿ ಬೇಗ ಸಿಗುತ್ತದೆ, ಅದು ಅದರ ಗುಣ. ಈಗಿನ ಮನೆಗಳಲ್ಲಿ ಬಲ್ಬು, ಕ್ಯಾಮೆರಾ, ಟಿವಿ, ಫೋನು ಸೇರಿದರೆ ಹತ್ತು ಸುಲಭವಾಗಿ ದಾಟುತ್ತದೆ ಅಲ್ವಾ? ವೈ-ಫೈ 5ರ ಗಿಗಾಬಿಟ್ ರೂಟರ್ ಎರಡು ಸಾವಿರದ ಆಸುಪಾಸು. ವೈ-ಫೈ 6ರದು ಸುಮಾರು ಮೂರರಿಂದ ಐದು ಸಾವಿರ. ಐದಾರು ವರ್ಷ ಬಳಸುವ ಸಾಮಾನಾದ್ದರಿಂದ ಆ ವ್ಯತ್ಯಾಸ ಕೊಡಿ ಅಂತಲೇ ನನ್ನ ಸಲಹೆ. ವೈ-ಫೈ 7ರ ಪ್ರಮಾಣಪತ್ರ ಶುರುವಾಗಿದ್ದು 2024ರ ಜನವರಿಯಲ್ಲಿ. ಅದನ್ನು ಬಳಸಬಲ್ಲ ಫೋನ್, ಲ್ಯಾಪ್‌ಟಾಪ್ ನಿಮ್ಮಲ್ಲಿ ಇಲ್ಲದೆ ಅದಕ್ಕೆ ದುಡ್ಡು ಹಾಕಬೇಡಿ. 100, 200 ಎಂಬಿಪಿಎಸ್ ಪ್ಲಾನಿನ ಮನೆಗೆ ಅದರ ಅಗತ್ಯವೇ ಇಲ್ಲ.

ಕಂಪನಿಯ ಡಬ್ಬಿಯ ಹಿಂದೆ ನಿಮ್ಮ ರೂಟರ್ ಹಾಕಿದಾಗ ಒಂದು ಎಚ್ಚರ. ಎರಡೂ ಬೇರೆ ಬೇರೆಯಾಗಿ ಫೋನು, ಟಿವಿಗಳಿಗೆ ನೆಟ್‌ವರ್ಕ್ ವಿಳಾಸ ಹಂಚಲು ಶುರು ಮಾಡುತ್ತವೆ. ಆಗ ಒಂದಕ್ಕೆ ಜೋಡಿಸಿದ ಫೋನಿಗೆ ಇನ್ನೊಂದಕ್ಕೆ ಜೋಡಿಸಿದ ಪ್ರಿಂಟರೋ ಟಿವಿಯೋ ಕಾಣದೇ ಹೋಗಬಹುದು. ಇಂಟರ್ನೆಟ್ ಕೊಡುವವರಿಗೆ ಹೇಳಿ ಅವರ ಡಬ್ಬಿಯನ್ನು ಬ್ರಿಡ್ಜ್ ಮೋಡ್‌ಗೆ (ಲೈನನ್ನು ನಿಮ್ಮ ರೂಟರಿಗೆ ದಾಟಿಸುವುದಷ್ಟೇ ಅದರ ಕೆಲಸ) ಹಾಕಿಸಿ. ಅವರು ಒಪ್ಪದಿದ್ದರೆ ನಿಮ್ಮ ರೂಟರನ್ನು ಆಕ್ಸೆಸ್ ಪಾಯಿಂಟ್ ಮೋಡ್‌ಗೆ (ವಿಳಾಸ ಹಂಚದೆ ವೈ-ಫೈ ಮಾತ್ರ ಕೊಡುವ ಬಗೆ) ಹಾಕಿ, ಅವರ ಡಬ್ಬಿಯ ವೈ-ಫೈ ಆಫ್ ಮಾಡಿ.

ರಿಪೀಟರ್, ಪವರ್‌ಲೈನ್

ಪ್ಲಗ್ಗಿಗೆ ಚುಚ್ಚುವ ರಿಪೀಟರ್ ಸಾವಿರದೈನೂರರಿಂದ ಎರಡೂವರೆ ಸಾವಿರಕ್ಕೆ ಸಿಗುತ್ತದೆ. ಅದು ಕೇಳಿದ್ದನ್ನೇ ಮತ್ತೆ ಹೇಳುತ್ತದೆ. ಅದೇ ಪಟ್ಟಿಯಲ್ಲಿ ಕೇಳಿ ಅದೇ ಪಟ್ಟಿಯಲ್ಲಿ ಹೇಳುವುದರಿಂದ ವೇಗ ಹೆಚ್ಚು ಕಡಿಮೆ ಅರ್ಧವಾಗುತ್ತದೆ. ವೈ-ಫೈ ಸತ್ತ ರೂಮಿನೊಳಗೆ ಇಟ್ಟರೆ ಕೆಲಸಕ್ಕೆ ಬರುವುದಿಲ್ಲ. ಅದಕ್ಕೇ ಸರಿಯಾಗಿ ಕೇಳಿಸದೆ ಇನ್ನೇನು ಹೇಳೀತು? ಅರ್ಧ ದಾರಿಯಲ್ಲಿ ಇಡಬೇಕು. ಬಾಲ್ಕನಿಯಲ್ಲಿ ಕೂತು ಪೇಪರ್ ಓದುವ ಅಪ್ಪನ ಫೋನಿಗೆ ಇದು ಸಾಕು. ಆಫೀಸ್ ಕೆಲಸಕ್ಕೆ ಇದನ್ನು ನಂಬಬೇಡಿ.

ಕರೆಂಟ್ ತಂತಿಯ ಮೇಲೇ ಇಂಟರ್ನೆಟ್ ಕಳಿಸುವ ಪವರ್‌ಲೈನ್ ಅಡಾಪ್ಟರ್ ಕೂಡ ಇದೆ. ಎರಡು ತುದಿಯೂ ಒಂದೇ ಫೇಸಿನಲ್ಲಿರಬೇಕು. ನಮ್ಮಲ್ಲಿ ಮೂರು ಫೇಸ್ ಇರುವ ಮನೆಗಳಲ್ಲಿ ಕೆಳಗೊಂದು, ಮೇಲೊಂದು ಫೇಸ್ ಇರುವುದು ಸಾಮಾನ್ಯ. ಅದರ ಮೇಲೆ ಯುಪಿಎಸ್ ಲೈನ್ ಬೇರೆ. ಯಾರಿಂದಲಾದರೂ ಕಡ ತಂದು ಪರೀಕ್ಷಿಸಲು ಸಿಕ್ಕರೆ ನೋಡಿ, ಇಲ್ಲದಿದ್ದರೆ ಬಿಡಿ.

ಮೆಶ್ ಯಾರಿಗೆ

ಎರಡೋ ಮೂರೋ ಡಬ್ಬಿಗಳು, ಮನೆಗೆಲ್ಲ ಒಂದೇ ವೈ-ಫೈ ಹೆಸರು. ನೀವು ಮಾತಾಡುತ್ತಾ ರೂಮಿನಿಂದ ರೂಮಿಗೆ ನಡೆದರೆ ಕರೆ ಕಡಿಯದಂತೆ ಒಂದು ಡಬ್ಬಿ ಇನ್ನೊಂದಕ್ಕೆ ನಿಮ್ಮನ್ನು ಒಪ್ಪಿಸುತ್ತದೆ. ಜೋಡಿಸುವುದು ಸುಲಭ, ಫೋನಿನ ಆ್ಯಪ್‌ನಲ್ಲೇ ಮುಗಿಯುತ್ತದೆ. ಎರಡು ಡಬ್ಬಿಯ ವೈ-ಫೈ 5 ಸೆಟ್ಟಿಗೆ ಸುಮಾರು ಏಳೆಂಟು ಸಾವಿರ, ವೈ-ಫೈ 6ರದಕ್ಕೆ ಹತ್ತು ಸಾವಿರದಿಂದ ಮೇಲೆ.

ಬಾಡಿಗೆ ಮನೆಯವರಿಗೆ ಇದು ಒಳ್ಳೆಯ ಆಯ್ಕೆ. ಗೋಡೆ ಕೊರೆಯಬೇಕಿಲ್ಲ, ಮನೆ ಬದಲಿಸಿದರೆ ಜೊತೆಗೆ ಹೊತ್ತುಕೊಂಡು ಹೋಗಬಹುದು. ಒಂದೇ ಮಹಡಿಯ ಮೂರು ಬೆಡ್‌ರೂಮಿನ ಉದ್ದನೆಯ ಫ್ಲಾಟಿಗೆ ಸೊಗಸಾಗಿ ಹೊಂದುತ್ತದೆ.

ಮಹಡಿ ಮನೆಗೆ ಬಂದಾಗ ಕತೆ ಬೇರೆ. ಡಬ್ಬಿಗಳು ತಮ್ಮೊಳಗೆ ಮಾತಾಡುವುದೂ ಗಾಳಿಯಲ್ಲೇ. ನಡುವೆ ಮೋಲ್ಡ್ ಇದ್ದರೆ ಆ ಮಾತೇ ಸೊರಗುತ್ತದೆ. ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಅಂತ ದಾಟಿದರೆ ಪ್ರತಿ ದಾಟಿಗೂ ವೇಗ ಕುಸಿಯುತ್ತದೆ. ಡಬ್ಬಿಗಳ ನಡುವಿನ ಮಾತಿಗೇ ಒಂದು ಪಟ್ಟಿ ಮೀಸಲಿಟ್ಟ ಟ್ರೈ-ಬ್ಯಾಂಡ್ ಸೆಟ್ಟುಗಳಲ್ಲಿ ಈ ಕಷ್ಟ ಕಡಿಮೆ, ಬೆಲೆ ಜಾಸ್ತಿ. ತಂತಿ ಎಳೆಯಲು ಸಾಧ್ಯವೇ ಇಲ್ಲದಿದ್ದರೆ ಡಬ್ಬಿಗಳನ್ನು ಮೆಟ್ಟಿಲಿನ ಹತ್ತಿರ ಇಡಿ. ಇಡೀ ಮೋಲ್ಡಿನಲ್ಲಿ ತೆರೆದ ಜಾಗ ಅದೊಂದೇ. ಅಲೆಗಳು ಅಲ್ಲಿಂದ ಮೇಲೆ ಹತ್ತುತ್ತವೆ.

ಕೊಳ್ಳುವಾಗ ಎರಡನೇ ಡಬ್ಬಿಯಲ್ಲೂ ಗಿಗಾಬಿಟ್ ಪೋರ್ಟ್ ಇದೆಯೇ ನೋಡಿ. ಇವತ್ತು ಗಾಳಿಯಲ್ಲಿ ಜೋಡಿಸಿದರೂ ನಾಳೆ ನಡುವೆ ತಂತಿ ಹಾಕಬಹುದು. ಹಾಕಿದ ದಿನ ಅದೇ ಸೆಟ್ಟು ಬೇರೆಯೇ ಸಾಮಾನಿನ ಹಾಗೆ ಓಡುತ್ತದೆ.

ತಂತಿ ಮತ್ತು ಆಕ್ಸೆಸ್ ಪಾಯಿಂಟ್

ನನ್ನ ಮೆಚ್ಚಿನದು ಇದು. ಪ್ರತಿ ಮಹಡಿಗೂ ಒಂದು ತಂತಿ, ಅದರ ತುದಿಯಲ್ಲಿ ಒಂದು ವೈ-ಫೈ ಡಬ್ಬಿ. ಗೋಡೆ, ಮೋಲ್ಡ್, ಪಕ್ಕದ ಮನೆಯ ಗದ್ದಲ ಯಾವುದೂ ತಂತಿಗೆ ಲೆಕ್ಕವಿಲ್ಲ. ಕೆಳಗೆ ಎಷ್ಟು ವೇಗವೋ ಮೂರನೇ ಮಹಡಿಯಲ್ಲೂ ಅಷ್ಟೇ.

ದುಡ್ಡು ಕಡಿಮೆ ಇದ್ದರೆ ಅತ್ತೆಯ ಮನೆಯಲ್ಲಿ ಮಾಡಿದ ಹಾಗೆ ಹಳೆಯ ರೂಟರ್ ಸಾಕು. ಅದರಲ್ಲಿ ವಿಳಾಸ ಹಂಚುವ ಡಿಎಚ್‌ಸಿಪಿ ಅನ್ನುವುದನ್ನು ಆಫ್ ಮಾಡಬೇಕು. ಅದರ ಸ್ವಂತ ವಿಳಾಸ ದೊಡ್ಡ ರೂಟರಿನ ವಿಳಾಸಕ್ಕಿಂತ ಬೇರೆ ಇರಬೇಕು. ತಂತಿಯನ್ನು ಬೇರೆ ಬಣ್ಣದ ವ್ಯಾನ್ (WAN, ಹೊರಗಿನ ಲೈನಿನ) ಪೋರ್ಟಿಗೆ ಹಾಕದೆ ಲ್ಯಾನ್ (LAN, ಮನೆಯೊಳಗಿನ ತಂತಿಯ) ಪೋರ್ಟಿಗೆ ಹಾಕಬೇಕು. ವೈ-ಫೈ ಹೆಸರು, ಪಾಸ್‌ವರ್ಡ್ ಕೆಳಗಿನದೇ ಕೊಟ್ಟು, ಚಾನೆಲ್ ಮಾತ್ರ ಬೇರೆ ಇಡಿ. ಮಹಡಿ ಹತ್ತುವಾಗ ಫೋನ್ ಬದಲಾಯಿಸಿಕೊಳ್ಳಲು ಒಂದೆರಡು ಕ್ಷಣ ತೆಗೆದುಕೊಳ್ಳಬಹುದು. ಆ ಕ್ಷಣವೂ ಬೇಡವೆಂದರೆ ಮೆಶ್ ಡಬ್ಬಿಗಳನ್ನೇ ತಂತಿಯಿಂದ ಜೋಡಿಸಿ. ಸೂರಿಗೆ ಅಂಟಿಸುವ ಆಕ್ಸೆಸ್ ಪಾಯಿಂಟುಗಳೂ ಬರುತ್ತವೆ. ಪಿಓಇ ಇರುವಂಥದ್ದಾದರೆ ಇಂಟರ್ನೆಟ್ ತಂತಿಯಲ್ಲೇ ಕರೆಂಟೂ ಬರುತ್ತದೆ, ಸೂರಿನಲ್ಲಿ ಪ್ಲಗ್ಗು ಬೇಕಿಲ್ಲ.

ತಂತಿ ಕೊಳ್ಳುವಾಗ ಜಿಪುಣತನ ಬೇಡ. ತಂತಿಯ ದರ್ಜೆಗಳಲ್ಲಿ ಕ್ಯಾಟ್ 5ಇ ಕೂಡ 100 ಮೀಟರ್ ತನಕ ಗಿಗಾಬಿಟ್ ಹೊರುತ್ತದೆ, ಆದರೆ ಹೊಸದಾಗಿ ಹಾಕುವುದಾದರೆ ಕ್ಯಾಟ್ 6 ಹಾಕಿ. 55 ಮೀಟರ್ ತನಕ 10 ಗಿಗಾಬಿಟ್ ಹೊರುವ ಶಕ್ತಿ ಅದಕ್ಕಿದೆ. ನಮ್ಮ ಯಾವ ಮನೆಯೂ ಅಷ್ಟು ಉದ್ದವಿಲ್ಲ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್‌ಪಿ ರೋಡಿನಲ್ಲಿ ಒಂದೇ ಹೆಸರಿನ ತಂತಿ ಒಂದು ಅಂಗಡಿಯಲ್ಲಿ ಅರ್ಧ ಬೆಲೆಗೆ ಸಿಗುತ್ತದೆ ಅಂದರೆ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಮೇಲೆ ತಾಮ್ರದ ಬಣ್ಣ ಇದ್ದು ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಬಾಗಿಸಿದರೆ ಮುರಿಯುತ್ತದೆ, ಪಿಓಇ ಕರೆಂಟ್ ಹರಿಸಿದರೆ ಬಿಸಿಯಾಗುತ್ತದೆ. ಶುದ್ಧ ತಾಮ್ರದ್ದೇ ಬೇಕು ಅಂತ ಕೇಳಿ. 305 ಮೀಟರಿನ ಪೂರ್ತಿ ಬಾಕ್ಸ್ ಬೇಡದವರಿಗೆ ಮೀಟರ್ ಲೆಕ್ಕದಲ್ಲೂ ಕೊಡುತ್ತಾರೆ. ತುದಿಗೆ ಕನೆಕ್ಟರ್ ಹಾಕಿಸಿದ ಮೇಲೆ ಟೆಸ್ಟರಿನಲ್ಲಿ ಎಂಟೂ ದೀಪ ಸರದಿಯಲ್ಲಿ ಹೊತ್ತುವುದನ್ನು ಕಣ್ಣಾರೆ ನೋಡಿ, ಆಮೇಲೆ ದುಡ್ಡು ಕೊಡಿ.

ರೂಟರಿನ ಪೋರ್ಟುಗಳು ಸಾಲದಿದ್ದರೆ ಐದು ಪೋರ್ಟಿನ ಗಿಗಾಬಿಟ್ ಸ್ವಿಚ್ (ಒಂದು ಇಂಟರ್ನೆಟ್ ತಂತಿಯನ್ನು ಹಲವಕ್ಕೆ ಹಂಚುವ ಡಬ್ಬಿ) ಸಾವಿರ, ಸಾವಿರದೈನೂರರಲ್ಲಿ ಬರುತ್ತದೆ. ಅದಕ್ಕೆ ಯಾವ ಸೆಟ್ಟಿಂಗೂ ಇಲ್ಲ. ಚುಚ್ಚಿದರೆ ಆಯಿತು.

ಕರೆಂಟ್ ಹೋದಾಗ, ಗುಡುಗು ಬಂದಾಗ

ಏಪ್ರಿಲ್, ಮೇ ತಿಂಗಳ ಸಂಜೆಯ ಮಳೆ ನಮಗೆಲ್ಲ ಗೊತ್ತು. ನಾಲ್ಕು ಹನಿ ಬೀಳುವಷ್ಟರಲ್ಲಿ ಕರೆಂಟ್ ಹೋಗುತ್ತದೆ. ಮನೆಗೆ ಯುಪಿಎಸ್ ಇದ್ದರೂ ಅದು ಬದಲಾಗುವ ಆ ಒಂದು ಚಣದಲ್ಲಿ ಕೆಲವು ರೂಟರುಗಳು ಆರಿ ಮತ್ತೆ ಹೊತ್ತುತ್ತವೆ. ಎರಡು ಮೂರು ನಿಮಿಷ ಹೋಯಿತು, ಮೀಟಿಂಗೂ ಹೋಯಿತು. 12 ವೋಲ್ಟಿನ ಚಿಕ್ಕ ರೂಟರ್ ಯುಪಿಎಸ್ ಇದಕ್ಕೆ ಒಳ್ಳೆಯ ಮದ್ದು. ಓಎನ್‌ಟಿ ಬೇರೆ, ರೂಟರ್ ಬೇರೆ ಇದ್ದರೆ ಎರಡಕ್ಕೂ ಬೇಕು ಅನ್ನುವುದನ್ನು ಮರೆಯಬೇಡಿ. ಅಡಾಪ್ಟರಿನ ಮೇಲೆ ಬರೆದ ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಅಷ್ಟೋ ಅದಕ್ಕಿಂತ ಜಾಸ್ತಿಯೋ ಇರಬೇಕು.

ಲೈನ್ ಆರಿಸುವಾಗಲೂ ಇದನ್ನು ನೋಡಿ. ಮನೆಯ ತನಕ ಫೈಬರ್ ಬರುವ ಲೈನಿನಲ್ಲಿ ಬೀದಿಯ ಕವಲುಗಳಿಗೆ ಕರೆಂಟೇ ಬೇಡ, ಬೆಳಕು ಸುಮ್ನೆ ಹಂಚಿಕೊಳ್ಳುತ್ತದೆ. ಏರಿಯಾ ಪೂರ್ತಿ ಕತ್ತಲಾದರೂ ನಿಮ್ಮ ಮನೆಯ ಡಬ್ಬಿ ಹೊತ್ತಿದ್ದರೆ ಇಂಟರ್ನೆಟ್ ಬಹುಪಾಲು ಓಡುತ್ತದೆ. ಕಂಬದ ಮೇಲಿನ ಸ್ವಿಚ್ಚಿನಿಂದಲೋ, ಕಟ್ಟಡದ ಮೆಟ್ಟಿಲಡಿಯ ಸ್ವಿಚ್ಚಿನಿಂದಲೋ ತಾಮ್ರದ ತಂತಿ ಎಳೆದು ಕೊಡುವ ಲೈನಾದರೆ ಆ ಸ್ವಿಚ್ಚಿಗೂ ಕರೆಂಟ್ ಬೇಕು. ಅದರ ಬ್ಯಾಟರಿ ಮುಗಿದರೆ ನಿಮ್ಮ ಯುಪಿಎಸ್ ಇದ್ದೂ ಪ್ರಯೋಜನವಿಲ್ಲ. ಸಿಡಿಲಿನ ಏಟು ಅಂಥ ತಂತಿಯಲ್ಲೂ ಒಳಗೆ ಬರುತ್ತದೆ. ನಮ್ಮ ಮನೆಯಲ್ಲಿ ಹೀಗೇ ಒಂದು ಸಂಜೆ ರೂಟರಿನ ಪೋರ್ಟು, ಅದರ ಜೊತೆಗೆ ಕಂಪ್ಯೂಟರಿನ ಪೋರ್ಟು ಎರಡೂ ಸುಟ್ಟವು. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ. ಒಂದೇ ಬೆಲೆಗೆ ಎರಡೂ ಸಿಗುವ ಏರಿಯಾದಲ್ಲಿದ್ದರೆ ಫೈಬರನ್ನೇ ಆರಿಸಿ. ತಾಮ್ರದ ಲೈನೇ ಗತಿಯಾದರೆ ಗುಡುಗು ಶುರುವಾಗುವ ಮುಂಚೆಯೇ ಆ ತಂತಿಯನ್ನು ರೂಟರಿನಿಂದ ಕೀಳಿ.

ಯಾವ ಮನೆಗೆ ಯಾವುದು

ಒಂದು ರೂಮಿನ ಬಾಡಿಗೆ ಮನೆಯವರು ಏನೂ ಕೊಳ್ಳಬೇಡಿ. ಡಬ್ಬಿಯ ಜಾಗ ಸರಿ ಮಾಡಿ, ಮೇಜಿನ ತನಕ ಒಂದು ತಂತಿ ಎಳೆಯಿರಿ. ಅದು ಮುನ್ನೂರು ನಾನೂರು ರೂಪಾಯಿಯ ಕೆಲಸ.

ಎರಡು ಬೆಡ್‌ರೂಮಿನ ಫ್ಲಾಟ್, ಇಬ್ಬರೂ ಮನೆಯಿಂದ ಕೆಲಸ ಮಾಡುವವರು: ನಡುವೆ ಒಂದು ವೈ-ಫೈ 6 ರೂಟರ್, ಚಿಕ್ಕ ಯುಪಿಎಸ್, ಟಿವಿಗೂ ಒಂದು ಮೇಜಿಗೂ ತಂತಿ. ಆರೇಳು ಸಾವಿರದೊಳಗೆ ಮುಗಿಯುತ್ತದೆ. ಮೆಶ್ ಇಲ್ಲಿ ದಂಡದ ಖರ್ಚು.

ಉದ್ದನೆಯ ದೊಡ್ಡ ಫ್ಲಾಟ್, ಗೋಡೆ ಮುಟ್ಟುವ ಹಾಗಿಲ್ಲ ಅಂದರೆ ಎರಡು ಡಬ್ಬಿಯ ಮೆಶ್. ಮೂರು ಡಬ್ಬಿಯ ಸೆಟ್ಟಿಗೆ ಆಸೆಪಡಬೇಡಿ, ಹತ್ತಿರ ಹತ್ತಿರ ಇಟ್ಟ ಡಬ್ಬಿಗಳು ಒಂದಕ್ಕೊಂದು ಅಡ್ಡ ಬರುತ್ತವೆ.

ಎರಡು ಮೂರು ಮಹಡಿಯ ಸ್ವಂತ ಮನೆಗೆ ತಂತಿ, ತಂತಿ, ತಂತಿ. ಹೊರಗೋಡೆಯ ಮೇಲೆ ಪಿವಿಸಿ ಪೈಪಿನಲ್ಲಿ ಎಳೆಸಿದರೂ ಆದೀತು, ಬಿಸಿಲಿಗೆ ತಂತಿಯ ಸಿಪ್ಪೆ ಬಿರಿಯದಂತೆ ಪೈಪು ಇರಲೇಬೇಕು. ಮೊದಲ ವರ್ಷ ಹಳೆಯ ರೂಟರ್, ಕೈಗೆ ದುಡ್ಡು ಬಂದಾಗ ಒಳ್ಳೆಯ ಆಕ್ಸೆಸ್ ಪಾಯಿಂಟ್. ಮೇಲಿನ ಮಹಡಿ ಬಾಡಿಗೆಗೆ ಕೊಟ್ಟಿದ್ದರೆ ಅವರು ಅವರದೇ ಲೈನ್ ಹಾಕಿಸಿಕೊಳ್ಳಲಿ. ಲೈನ್ ನಿಮ್ಮ ಹೆಸರಿನಲ್ಲಿರುವಾಗ ಅದರಲ್ಲಿ ಏನು ನಡೆದರೂ ಮೊದಲು ಕೇಳುವುದು ನಿಮ್ಮನ್ನೇ.

ಭಾವನ ಮನೆಗೆ ಇನ್ನೂ ಗಾರೆ ಆಗಿರಲಿಲ್ಲ, ಅದು ಅದೃಷ್ಟ. ಪ್ರತಿ ರೂಮಿನ ಟಿವಿ ಗೋಡೆಗೆ, ಪ್ರತಿ ಮಹಡಿಯ ಸೂರಿನ ನಡುವಿಗೆ, ಗೇಟಿನ ಕ್ಯಾಮೆರಾಗೆ ಒಂದೊಂದು ಪೈಪು ಹಾಕಿಸಿದೆವು. ಎಲ್ಲವೂ ಮೆಟ್ಟಿಲಡಿಯ ಒಂದು ಗೂಡಿಗೆ ಬಂದು ಸೇರುತ್ತವೆ. ಫೈಬರ್ ಒಳಗೆ ಬರಲು ಹೊರಗೋಡೆಯಿಂದ ಅದೇ ಗೂಡಿಗೆ ಇನ್ನೊಂದು ಪೈಪು. ಕರೆಂಟಿನ ಪೈಪಿನೊಳಗೇ ಹಾಕಿಬಿಡೋಣ ಅಂದರು ಎಲೆಕ್ಟ್ರಿಷಿಯನ್. ಬೇಡವೆಂದೆವು. ಕರೆಂಟಿನ ಜೊತೆ ಒಂದೇ ಪೈಪಿನಲ್ಲಿ ಹೋದರೆ ಅಪಾಯವೂ ಹೌದು, ಸಂಕೇತಕ್ಕೆ ತೊಂದರೆಯೂ ಹೌದು. ಬೇರೆ ಪೈಪು, ಒಂದು ಗೇಣಿನಷ್ಟು ದೂರ. ಪೈಪು ಒಂದು ಇಂಚಿನದು, ತಿರುವಿನಲ್ಲಿ ಎಲ್ಬೋ ಹಾಕದೆ ಉದ್ದನೆಯ ಬೆಂಡ್ ಹಾಕಿಸಿದೆವು, ಮುಂದೆ ತಂತಿ ಬದಲಿಸಬೇಕಾದರೆ ಎಳೆಯಲು ಬರಲಿ ಅಂತ. ಪ್ರತಿ ಪೈಪಿನಲ್ಲೂ ಒಂದು ಎಳೆಯುವ ದಾರ ಬಿಟ್ಟಿದ್ದೇವೆ. ಗಾರೆ ಶುರುವಾಗುವ ಹಿಂದಿನ ಸಂಜೆ ಅಕ್ಕ ಟೇಪು ಹಿಡಿದು ನಿಂತಳು, ಭಾವ ಒಂದೊಂದು ಗೋಡೆಯ ಫೋಟೊ ತೆಗೆದುಕೊಂಡರು, ನೆಲದಿಂದ ಪೈಪು ಎಷ್ಟು ಎತ್ತರದಲ್ಲಿದೆ ಅನ್ನುವುದು ಕಾಣುವ ಹಾಗೆ. ಆ ಫೋಟೊಗಳು ಈಗ ಅವರ ಮನೆಯ ಕಾಗದಪತ್ರಗಳ ಜೊತೆಗೇ ಇವೆ.